ವಿಯೆನ್ನಾದಲ್ಲಿ ಕಡಿಮೆ ಖರ್ಚಿನ ವಾಸ: ರಿಂಗ್ ದಾಟಿ, ಗ್ಯೂರ್ಟೆಲ್ ಒಳಗೆ

ಯುರೋಪ್ ಪ್ರವಾಸಕ್ಕೆ ಹೊರಡುವ ನಮ್ಮ ಕುಟುಂಬಗಳು ವಿಮಾನದ ಟಿಕೆಟ್ ದರ ಇಳಿಯಲೆಂದು ವಾರಗಟ್ಟಲೆ ಕಾಯುತ್ತವೆ. ಹೋಟೆಲ್ ವಿಷಯ ಬಂದಾಗ ಮಾತ್ರ ಒಂದೇ ಸಂಜೆಯಲ್ಲಿ ಕೆಲಸ ಮುಗಿಸಿಬಿಡುತ್ತವೆ. ಆ್ಯಪ್ ತೆರೆದು, ದರವನ್ನು ಕಡಿಮೆಯಿಂದ ಹೆಚ್ಚಿಗೆ ಜೋಡಿಸಿ, ಮೇಲಿನ ನಾಲ್ಕರಲ್ಲಿ ಒಂದನ್ನು ಒತ್ತಿದರೆ ಆಯಿತು. ಆಸ್ಟ್ರಿಯದ ರಾಜಧಾನಿ ವಿಯೆನ್ನಾದಂಥ ಊರಿನಲ್ಲಿ ಇದು ನಷ್ಟದ ವ್ಯಾಪಾರ. ಊರಿನ ಯಾವ ಭಾಗದಲ್ಲಿ ಇಳಿದುಕೊಳ್ಳುತ್ತೀರಿ, ವರ್ಷದ ಯಾವ ವಾರದಲ್ಲಿ ಹೋಗುತ್ತೀರಿ ಎಂಬ ಎರಡು ಸಂಗತಿಗಳೇ ಇಲ್ಲಿ ಬಾಡಿಗೆಯನ್ನು ಬಹುಮಟ್ಟಿಗೆ ತೀರ್ಮಾನಿಸುತ್ತವೆ. ಇವೆರಡನ್ನೂ ಸರಿಯಾಗಿ ಹಿಡಿದರೆ ಮಧ್ಯಮ ವರ್ಗದ ಕುಟುಂಬವೊಂದು ಅರಮನೆಗಳ ಈ ಊರಿನಲ್ಲಿ ನಾಲ್ಕೈದು ರಾತ್ರಿ ನೆಮ್ಮದಿಯಾಗಿ ಇದ್ದು ಬರಬಹುದು.

ವಿಯೆನ್ನಾದ ಭೂಪಟ ಹರಡಿಕೊಂಡರೆ ಊರನ್ನು ಸುತ್ತುವ ಎರಡು ದೊಡ್ಡ ರಸ್ತೆಗಳು ಕಣ್ಣಿಗೆ ಬೀಳುತ್ತವೆ. ಒಳಗಿನದು ರಿಂಗ್, ಹೊರಗಿನದು ಗ್ಯೂರ್ಟೆಲ್. ಎರಡೂ ಒಂದು ಕಾಲಕ್ಕೆ ಗೋಡೆಗಳಿದ್ದ ಜಾಗ. 1683ರಲ್ಲಿ ಆಟೊಮನ್ ಸೇನೆ ಮುತ್ತಿಗೆ ಹಾಕಿದಾಗ ಊರನ್ನು ಕಾಯ್ದದ್ದು ಒಳಕೋಟೆ. ಅದನ್ನು ಕೆಡವಲು ಚಕ್ರವರ್ತಿ ಫ್ರಾನ್ಜ್ ಜೋಸೆಫ್ 1857ರಲ್ಲಿ ಆಜ್ಞೆ ಮಾಡಿದ. ಆ ಜಾಗದಲ್ಲಿ 1865ರಲ್ಲಿ ರಿಂಗ್ ರಸ್ತೆ ತೆರೆಯಿತು. ಹೊರಗಿನ ಗೋಡೆ 1704ರಲ್ಲಿ ಎದ್ದದ್ದು. ಯುದ್ಧದ ಭಯ ಕಳೆದ ಮೇಲೆ ಅದರ ದ್ವಾರಗಳು ಸುಂಕದ ಕಟ್ಟೆಗಳಾದವು. ಒಳಗೆ ಹೋಗುವ ಆಹಾರ ಪದಾರ್ಥಗಳಿಗೆಲ್ಲ ಅಲ್ಲಿ ತೆರಿಗೆ ಬೀಳುತ್ತಿತ್ತು. ಹಾಗಾಗಿ ಗೋಡೆಯಾಚೆ ಬದುಕು ಅಗ್ಗ, ಕೂಲಿಕಾರ್ಮಿಕರು ಅಲ್ಲೇ ನೆಲೆಸಿದರು. ಆ ಗೋಡೆ ಬಿದ್ದು ನೂರಕ್ಕೂ ಹೆಚ್ಚು ವರ್ಷವಾಗಿದೆ, ಬಾಡಿಗೆಯ ನಕ್ಷೆ ಮಾತ್ರ ಇಂದಿಗೂ ಬಹುಪಾಲು ಹಾಗೇ ಇದೆ. ರಿಂಗ್ ಒಳಗೆ ಬಾಡಿಗೆ ಕೈ ಕಚ್ಚುತ್ತದೆ. ರಿಂಗ್‌ನಿಂದ ಗ್ಯೂರ್ಟೆಲ್‌ವರೆಗೆ ಹದವಾಗಿರುತ್ತದೆ. ಗ್ಯೂರ್ಟೆಲ್ ದಾಟಿದರೆ ಇನ್ನಷ್ಟು ಇಳಿಯುತ್ತದೆ.

ವಿಳಾಸ ನೋಡಿದ ಕೂಡಲೇ ಹೋಟೆಲ್ ಯಾವ ಪಟ್ಟಿಯಲ್ಲಿದೆ ಎಂದು ಹೇಳಿಬಿಡಬಹುದು. ಊರಿನಲ್ಲಿ 23 ಜಿಲ್ಲೆಗಳಿವೆ, ಪಿನ್‌ಕೋಡಿನ ನಡುವಿನ ಎರಡು ಅಂಕಿಗಳೇ ಜಿಲ್ಲೆಯ ಸಂಖ್ಯೆ. 1010 ಎಂದರೆ ಒಂದನೆಯ ಜಿಲ್ಲೆ, ರಿಂಗ್ ಒಳಗಿನ ಹಳೆಯ ಊರು. 1070 ಏಳನೆಯದು, 1150 ಹದಿನೈದನೆಯದು. ಮೂರರಿಂದ ಒಂಬತ್ತರವರೆಗಿನ ಜಿಲ್ಲೆಗಳು ಎರಡು ರಸ್ತೆಗಳ ನಡುವೆ ಬರುತ್ತವೆ. ಎರಡನೆಯ ಜಿಲ್ಲೆ ಡ್ಯಾನ್ಯೂಬ್ ಕಾಲುವೆಯ ಆಚೆ ದಡದಲ್ಲಿದೆ. ಹತ್ತರಿಂದ ಮುಂದಿನವು ಹೊರಗಿನವು. ಬುಕಿಂಗ್ ಆ್ಯಪ್‌ಗಳು 'ನಗರ ಕೇಂದ್ರದಿಂದ ಇಷ್ಟು ಕಿಲೋಮೀಟರ್' ಎಂದು ತೋರಿಸುವ ಸಂಖ್ಯೆಗಿಂತ ಈ ಎರಡು ಅಂಕಿಗಳು ಹೆಚ್ಚು ಉಪಯೋಗಕ್ಕೆ ಬರುತ್ತವೆ.

ಮೊದಲ ಬಾರಿ ಹೋಗುವವರಿಗೆ ನಾನು ಹೇಳುವುದು ಆರು, ಏಳು, ಎಂಟು, ಒಂಬತ್ತು ಮತ್ತು ಎರಡನೆಯ ಜಿಲ್ಲೆಗಳನ್ನು. ಏಳನೆಯ ಜಿಲ್ಲೆ ನಾಯ್‌ಬೌ ವಸ್ತುಸಂಗ್ರಹಾಲಯಗಳಿಗೆ ತೀರ ಹತ್ತಿರ, ಅದಕ್ಕೇ ಈಗೀಗ ದರ ಏರಿದೆ. ಪಕ್ಕದ ಎಂಟನೆಯದು, ಯೋಸೆಫ್‌ಸ್ಟಾಟ್, ಗದ್ದಲವಿಲ್ಲದ ಜಾಗ. 2ನೇ ನಂಬರಿನ ಟ್ರಾಮ್ ಹತ್ತಿದರೆ ರಿಂಗ್ ರಸ್ತೆಗೆ ತಂದು ಬಿಡುತ್ತದೆ. ಒಂಬತ್ತನೆಯದರಲ್ಲಿ ವಿಶ್ವವಿದ್ಯಾಲಯದ ವಿಭಾಗಗಳು ಮತ್ತು ದೊಡ್ಡಾಸ್ಪತ್ರೆ ಇವೆ. ಸಿಗ್ಮಂಡ್ ಫ್ರಾಯ್ಡ್ ವಾಸವಿದ್ದ ಬೆರ್ಗ್‌ಗಾಸೆ 19ರ ಮನೆಯೂ ಇಲ್ಲಿಯೇ. ವಿದ್ಯಾರ್ಥಿಗಳು ಹೆಚ್ಚಿರುವ ಕಾರಣ ಊಟದ ಖರ್ಚೂ ಹಗುರ. ನನಗೆ ಅಚ್ಚುಮೆಚ್ಚಿನದು ಎರಡನೆಯ ಜಿಲ್ಲೆ ಲಿಯೊಪೋಲ್ಡ್‌ಸ್ಟಾಟ್. ಕಾಲುವೆಯ ಸೇತುವೆ ದಾಟಿದರೆ ಊರ ನಡುವಿನ ಸೇಂಟ್ ಸ್ಟೀಫನ್ ಚರ್ಚಿನವರೆಗೆ ನಡೆದೇ ಹೋಗಬಹುದು, ಮಕ್ಕಳು ಓಡಾಡಲು ಪ್ರಾಟರ್ ಉದ್ಯಾನ ಇದೆ, ತರಕಾರಿಗೆ ಕಾರ್ಮೆಲಿಟರ್ ಮಾರುಕಟ್ಟೆ ಇದೆ. ಇಷ್ಟಿದ್ದರೂ ರಿಂಗ್ ಒಳಗಿನ ದರ ಇಲ್ಲಿಲ್ಲ.

ಇನ್ನೂ ಉಳಿಸಬೇಕೆಂದರೆ ಗ್ಯೂರ್ಟೆಲ್ ಆಚೆಗೆ ಹೋಗಿ, ಆದರೆ ಮೆಟ್ರೊ ನಿಲ್ದಾಣ ನಡಿಗೆಯ ದೂರದಲ್ಲಿರಲಿ. ಅಲ್ಲಿನವರು ಊ-ಬಾನ್ ಎನ್ನುವ ಮೆಟ್ರೊ ಅಷ್ಟು ಚೆನ್ನಾಗಿದೆ. ಹದಿನೈದನೆಯ ಜಿಲ್ಲೆಯ ವೆಸ್ಟ್‌ಬಾನ್‌ಹೋಫ್ ರೈಲು ನಿಲ್ದಾಣದ ಸುತ್ತ ಸಾಧಾರಣ ಹೋಟೆಲುಗಳು ಬೇಕಾದಷ್ಟಿವೆ. ಅಲ್ಲಿಂದ ಯು3 ಹತ್ತಿದರೆ ಆ ಚರ್ಚಿನ ಮುಂದಿನ ಸ್ಟೀಫನ್ಸ್‌ಪ್ಲಾಟ್ಸ್ ಐದನೆಯ ನಿಲ್ದಾಣ. ಹತ್ತನೆಯ ಜಿಲ್ಲೆಯ ಅಂಚಿನಲ್ಲಿರುವ ಹೌಪ್ಟ್‌ಬಾನ್‌ಹೋಫ್‌ನಿಂದ, ಅಂದರೆ ಮುಖ್ಯ ರೈಲು ನಿಲ್ದಾಣದಿಂದ, ಯು1ರಲ್ಲಿ ಅಲ್ಲಿಗೆ ಮೂರೇ ನಿಲ್ದಾಣ. ಮುಂದೆ ಬುಡಾಪೆಸ್ಟ್‌ಗೋ ಪ್ರಾಗ್‌ಗೋ ರೈಲಿನಲ್ಲಿ ಹೋಗುವವರಿಗೆ ಇದಕ್ಕಿಂತ ಅನುಕೂಲದ ಜಾಗ ಇನ್ನೊಂದಿಲ್ಲ. ಡ್ಯಾನ್ಯೂಬ್ ಆಚೆ 22ನೇ ಜಿಲ್ಲೆಯಲ್ಲಿ ವಿಶ್ವಸಂಸ್ಥೆಯ ಕಟ್ಟಡಗಳ ಸುತ್ತಲಿನ ಹೋಟೆಲುಗಳಿಗೆ ಕಚೇರಿ ಕೆಲಸಕ್ಕೆ ಬರುವವರೇ ಮುಖ್ಯ ಗಿರಾಕಿಗಳು. ಅದಕ್ಕೇ ಶನಿವಾರ, ಭಾನುವಾರ ಅಲ್ಲಿ ಕಡಿಮೆ ದರ ಕಾಣಿಸುವುದುಂಟು. ಅಲ್ಲಿಂದಲೂ ಯು1 ಆರು ನಿಲ್ದಾಣಗಳಲ್ಲಿ ಊರ ನಡುವೆ ತಂದು ನಿಲ್ಲಿಸುತ್ತದೆ. ತೀರ ಬಿಗಿಯಲ್ಲದ ದಿನಗಳಲ್ಲಿ ಇಂಥ ಜಾಗಗಳಲ್ಲಿ ಇಬ್ಬರ ರೂಮು ನೂರು ಯೂರೊ ಆಸುಪಾಸಿಗೆ ಸಿಗುವುದು ಕಷ್ಟವೇನಲ್ಲ. ಹಾಸ್ಟೆಲಿನಲ್ಲಿ ಒಂದು ಮಂಚ ಸಾಕು ಎನ್ನುವ ಒಂಟಿ ಪ್ರಯಾಣಿಕರಿಗೆ ಇನ್ನೂ ಎಷ್ಟೋ ಅಗ್ಗ.

ಗ್ಯೂರ್ಟೆಲ್ ರಸ್ತೆಗೇ ಮುಖ ಮಾಡಿದ ರೂಮು ಬೇಡ. ಹಗಲಿರುಳು ವಾಹನ ಓಡುವ ರಸ್ತೆ ಅದು, ನಡುವೆ ಯು6 ರೈಲಿನ ಮಾರ್ಗ ಬೇರೆ. ಬುಕ್ ಮಾಡುವಾಗಲೇ ಒಳಾಂಗಣದ ಕಡೆಯ ರೂಮು ಬೇಕೆಂದು ಒಂದು ಸಾಲು ಬರೆದುಬಿಡಿ. ವಿಯೆನ್ನಾದ ಹಳೆಯ ಕಟ್ಟಡಗಳು ನಡುವೆ ಅಂಗಳ ಬಿಟ್ಟು ಕಟ್ಟಿದಂಥವು. ಅಂಗಳದ ಕಡೆಯ ಕಿಟಕಿ ತೆರೆದಿಟ್ಟು ಮಲಗಬಹುದು. ಬೇಸಿಗೆಯಲ್ಲಿ ಇದು ಸಣ್ಣ ಮಾತಲ್ಲ: ಜುಲೈ, ಆಗಸ್ಟ್‌ಗಳಲ್ಲಿ ಬಿಸಿಲು 30 ಡಿಗ್ರಿ ದಾಟುತ್ತದೆ, ಹಳೆಯ ಕಟ್ಟಡಗಳ ಅಗ್ಗದ ರೂಮುಗಳಲ್ಲಿ ಎಸಿ ಇರುವುದು ಅಪರೂಪ.

ಯಾವ ವಾರ ಹೋಗಬೇಕು?

ನವೆಂಬರ್ ನಡುವಿನಿಂದ ಕ್ರಿಸ್‌ಮಸ್ ಮಾರುಕಟ್ಟೆಗಳ ಕಾಲ, ಬಳಿಕ ಹೊಸ ವರ್ಷದ ಸಂಗೀತ ಕಛೇರಿ; ಆಗ ದರ ಮುಗಿಲು ಮುಟ್ಟಿರುತ್ತದೆ. ಇದು ಎಲ್ಲರಿಗೂ ಗೊತ್ತು. ಬಹಳ ಜನಕ್ಕೆ ಗೊತ್ತಿಲ್ಲದ್ದು ಸಮ್ಮೇಳನಗಳ ಲೆಕ್ಕ. ವಿಯೆನ್ನಾ ಜಗತ್ತಿನ ದೊಡ್ಡ ಸಮ್ಮೇಳನ ನಗರಗಳಲ್ಲೊಂದು. ಫೆಬ್ರವರಿ ಕೊನೆ, ಮಾರ್ಚ್ ಮೊದಲಿಗೆ ಯುರೋಪಿನ ರೇಡಿಯಾಲಜಿ ವೈದ್ಯರ ವಾರ್ಷಿಕ ಸಮಾವೇಶ ನಡೆಯುತ್ತದೆ. ಏಪ್ರಿಲ್ ಅಥವಾ ಮೇ ಮೊದಲ ವಾರದ ಹೊತ್ತಿಗೆ ಭೂವಿಜ್ಞಾನಿಗಳ ದೊಡ್ಡ ಸಭೆ ಇರುತ್ತದೆ. ಎರಡಕ್ಕೂ ಸಾವಿರಾರು ಮಂದಿ ಬರುತ್ತಾರೆ, ಬೆಂಗಳೂರಿನ ಸಂಶೋಧಕರೂ ವೈದ್ಯರೂ ಅವರಲ್ಲಿರುತ್ತಾರೆ. ಆ ವಾರಗಳಲ್ಲಿ ಮಾಮೂಲಿ ಹೋಟೆಲು ಕೂಡ ದರವನ್ನು ಏರಿಸಿಬಿಡುತ್ತದೆ, ಹತ್ತು ದಿನ ಆಚೆ ಈಚೆ ಅದೇ ರೂಮು ಸಲೀಸಾಗಿ ಸಿಗುತ್ತದೆ. ಆದ್ದರಿಂದ ರಜೆ ಹಾಕುವ ಮೊದಲು ಒಂದೇ ಹೋಟೆಲಿನ ದರವನ್ನು ಮೂರು ಬೇರೆ ಬೇರೆ ವಾರಗಳಿಗೆ ನೋಡಿ. ಒಂದು ವಾರ ಮಾತ್ರ ವಿಪರೀತ ಹೆಚ್ಚಿದ್ದರೆ ಊರಲ್ಲಿ ಏನೋ ನಡೆಯುತ್ತಿದೆ ಎಂದೇ ಅರ್ಥ.

ಜನವರಿ ಎರಡನೇ ವಾರದಿಂದ ಫೆಬ್ರವರಿವರೆಗೆ ಸಾಮಾನ್ಯವಾಗಿ ದರ ತಗ್ಗುತ್ತದೆ. ಅದು ಬಾಲ್ ನೃತ್ಯಗಳ ಋತು, ಒಪೆರಾ ಬಾಲ್ ನಡೆಯುವ ಗುರುವಾರದ ಸುತ್ತಮುತ್ತ ಮಾತ್ರ ದೂರ ಇರಿ. ಚಳಿ ಕಡುವಾಗಿರುತ್ತದೆ, ಸಂಜೆ ಐದಕ್ಕೆಲ್ಲ ಕತ್ತಲು. ಆದರೆ ವಸ್ತುಸಂಗ್ರಹಾಲಯ, ಸಂಗೀತ, ಕಾಫಿಮನೆಗಳೆಲ್ಲ ನಾಲ್ಕು ಗೋಡೆಯ ಒಳಗಿನವೇ ಆದ್ದರಿಂದ ಚಳಿಗಾಲಕ್ಕೆ ಈ ಊರು ಒಗ್ಗುತ್ತದೆ. ಶಾಲೆಗೆ ಹೋಗುವ ಮಕ್ಕಳಿರುವ ನಮ್ಮವರಿಗೆ ಏಪ್ರಿಲ್, ಮೇ ಬಿಟ್ಟರೆ ಬೇರೆ ದಾರಿಯಿಲ್ಲ. ಅವರು ನಾಲ್ಕೈದು ತಿಂಗಳು ಮುಂಚೆಯೇ ರೂಮು ಹಿಡಿಯಬೇಕು. ಜುಲೈನಿಂದ ಸೆಪ್ಟೆಂಬರ್‌ವರೆಗೆ ಇನ್ನೊಂದು ಅನುಕೂಲವಿದೆ. ವಿಶ್ವವಿದ್ಯಾಲಯಕ್ಕೆ ರಜೆ ಬಿದ್ದಾಗ ಕೆಲವು ವಿದ್ಯಾರ್ಥಿನಿಲಯಗಳು ಹೋಟೆಲಾಗಿ ಬದಲಾಗುತ್ತವೆ. ರೂಮು ಸರಳ, ಶುಚಿ, ಜಾಗ ಬಹುಮಟ್ಟಿಗೆ ಊರ ಒಳಗೇ.

ಪೆನ್ಶನ್ ಎಂಬ ಹಳೆಯ ಮನೆ

ವಿಯೆನ್ನಾದಲ್ಲಿ ಉಳಿಯುವ ಖುಷಿ ಪೂರ್ತಿ ಸಿಗಬೇಕೆಂದರೆ ಒಮ್ಮೆಯಾದರೂ ಪೆನ್ಶನ್‌ನಲ್ಲಿ ಇಳಿದುಕೊಳ್ಳಿ. ಇವು ಹಳೆಯ ವಸತಿ ಕಟ್ಟಡವೊಂದರ ಒಂದೋ ಎರಡೋ ಅಂತಸ್ತಿನಲ್ಲಿ ನಡೆಯುವ ಸಣ್ಣ ವಸತಿಗೃಹಗಳು, ಎಷ್ಟೋ ಕಡೆ ಮನೆಯವರೇ ನಡೆಸುತ್ತಾರೆ. ಬೀದಿಯಲ್ಲಿ ನಿಂತರೆ ಹೋಟೆಲಿನ ಲಕ್ಷಣವೇ ಕಾಣಿಸುವುದಿಲ್ಲ. ಎತ್ತರದ ಮರದ ಬಾಗಿಲು, ಪಕ್ಕದಲ್ಲಿ ಕರೆಗಂಟೆಗಳ ಸಾಲು, ಅದರಲ್ಲೊಂದರ ಮೇಲೆ ಪೆನ್ಶನ್ ಹೆಸರು. ಒತ್ತಿದರೆ ಬಾಗಿಲು ಗುಂಯ್ ಎಂದು ಬಿಟ್ಟುಕೊಳ್ಳುತ್ತದೆ. ಒಳಗೆ ತಣ್ಣನೆಯ ಓಣಿ, ತುಳಿದು ತುಳಿದು ನಡುವೆ ಸವೆದ ಕಲ್ಲಿನ ಮೆಟ್ಟಿಲು, ನಡುವಿನ ಬಾವಿಯಂಥ ಜಾಗದಲ್ಲಿ ಇಬ್ಬರು ನಿಂತರೆ ತುಂಬಿಹೋಗುವ ಲಿಫ್ಟು. ಕೆಲವು ಕಟ್ಟಡಗಳ ಮೊಗಸಾಲೆಯಲ್ಲಿ ಈಗಲೂ ಗೋಡೆಗೆ ಹೊಂದಿಸಿದ ಕಬ್ಬಿಣದ ನಲ್ಲಿತೊಟ್ಟಿ ಉಳಿದಿದೆ, ಬಾಸೆನಾ ಎಂದು ಅದರ ಹೆಸರು. ಮನೆಯೊಳಗೆ ನೀರಿಲ್ಲದ ಕಾಲದಲ್ಲಿ ಒಂದು ಅಂತಸ್ತಿನ ಸಂಸಾರಗಳೆಲ್ಲ ಅಲ್ಲಿಂದಲೇ ನೀರು ಹಿಡಿಯುತ್ತಿದ್ದವು. ನಮ್ಮ ವಠಾರದ ನಲ್ಲಿಯ ಹಾಗೆ ಊರ ಸುದ್ದಿಯೆಲ್ಲ ಹುಟ್ಟುತ್ತಿದ್ದದ್ದೂ ಅಲ್ಲೇ.

ಇಂಥಲ್ಲಿ ಉಳಿಯುವ ಮೊದಲು ವಿಚಾರಿಸಬೇಕಾದ ಮೊದಲ ಪ್ರಶ್ನೆ ಲಿಫ್ಟ್ ಇದೆಯೇ ಎಂಬುದು, ಎಷ್ಟನೇ ಮಹಡಿ ಎಂಬುದಲ್ಲ. ಹಳೆಯ ಕಟ್ಟಡಗಳಲ್ಲಿ ನೆಲ ಅಂತಸ್ತಿನ ಮೇಲೆ ಹೋಖ್‌ಪಾರ್ಟೆರ್, ಅದರ ಮೇಲೆ ಮೆಜ್ಜಾನಿನ್ ಎಂಬ ಅಂತಸ್ತುಗಳು ಬರುವುದುಂಟು. ಒಂದನೆಯ ಮಹಡಿಯ ಎಣಿಕೆ ಶುರುವಾಗುವುದೇ ಆಮೇಲೆ. ಎರಡನೆಯ ಮಹಡಿ ತಾನೆ ಎಂದುಕೊಂಡ ವಯಸ್ಸಾದ ತಂದೆತಾಯಿ ನಾಲ್ಕು ಮಹಡಿ ಹತ್ತಬೇಕಾಗಿ ಬರಬಹುದು. ಎರಡನೆಯದು, ರಿಸೆಪ್ಷನ್ ಎಷ್ಟು ಗಂಟೆಯವರೆಗೆ? ಸಣ್ಣ ಪೆನ್ಶನ್‌ಗಳಲ್ಲಿ ರಾತ್ರಿ ಯಾರೂ ಇರುವುದಿಲ್ಲ. ತಡವಾಗಿ ಬರುವವರು ಮೊದಲೇ ಇಮೇಲ್ ಮಾಡಿದರೆ ಬಾಗಿಲಿನ ಕೋಡ್ ಕಳಿಸುತ್ತಾರೆ. ಮೂರನೆಯದು ಸ್ನಾನದ ಮನೆ. ಪಟ್ಟಿಯಲ್ಲಿ ಅತಿ ಅಗ್ಗವಾಗಿ ಕಾಣುವ ರೂಮಿಗೆ ಶೌಚಾಲಯ, ಶವರ್ ಹೊರಗಿನ ಓಣಿಯಲ್ಲಿ ಇರಬಹುದು, ಬೇರೆಯವರೂ ಬಳಸುವಂಥದ್ದು. ಯುವಕರಿಗೆ ಅದರಿಂದ ತೊಂದರೆಯಿಲ್ಲ, ಕುಟುಂಬಕ್ಕೆ ಬೇಡ.

ವಿಳಾಸದಲ್ಲಿ ಮನೆ ಸಂಖ್ಯೆಯ ನಂತರ ಓರೆಗೆರೆ ಹಾಕಿ ಇನ್ನೂ ಎರಡು ಸಂಖ್ಯೆ ಬರೆದಿದ್ದರೆ ಮೊದಲನೆಯದು ಯಾವ ಮೆಟ್ಟಿಲ ಸಾಲು, ಕೊನೆಯದು ಯಾವ ಬಾಗಿಲು ಎಂದು ತಿಳಿಯಿರಿ. ದೊಡ್ಡ ಕಟ್ಟಡಗಳಿಗೆ ನಾಲ್ಕೈದು ಮೆಟ್ಟಿಲ ಸಾಲುಗಳಿರುತ್ತವೆ. ಅಂದಹಾಗೆ, ಡಬಲ್ ಬೆಡ್ ಎಂದರೆ ಅಲ್ಲಿ ಎರಡು ಹಾಸಿಗೆಗಳನ್ನು ಅಕ್ಕಪಕ್ಕ ಜೋಡಿಸಿ, ಒಬ್ಬೊಬ್ಬರಿಗೂ ಬೇರೆ ಹೊದಿಕೆ ಇಟ್ಟಿರುತ್ತಾರೆ. ರೂಮಿನಲ್ಲಿ ನೀರು ಕಾಯಿಸುವ ಕೆಟಲ್ ಇರುತ್ತದೆ ಎಂದು ನಂಬಿಕೊಳ್ಳಬೇಡಿ. ಬೆಳಿಗ್ಗೆ ಎದ್ದೊಡನೆ ಕಾಫಿ ಬೇಕೇ ಬೇಕು ಎನ್ನುವವರು ಸಣ್ಣದೊಂದು ಕೆಟಲ್ ಒಯ್ಯಿರಿ, ಹೋಟೆಲಿನವರು ಬಳಸಲು ಬಿಡುತ್ತಾರೆಯೇ ಎಂದು ಕೇಳಿಕೊಳ್ಳಿ. ನಮ್ಮ ಎರಡು ಕಡ್ಡಿಯ ತೆಳು ಪ್ಲಗ್ ಅಲ್ಲಿನ ಸಾಕೆಟ್‌ಗೆ ಕೂರುತ್ತದೆ, ಮೂರು ಕಡ್ಡಿಯದಕ್ಕೆ ಅಡಾಪ್ಟರ್ ಬೇಕು.

ವೀಸಾ ಮತ್ತು ಬುಕಿಂಗ್

ಷೆಂಗೆನ್ ವೀಸಾ ಅರ್ಜಿಯ ಜತೆ ಪ್ರತಿ ರಾತ್ರಿಯ ವಸತಿಗೂ ದಾಖಲೆ ಕೊಡಬೇಕು. ದೊಡ್ಡವರಿಗೆ ಶುಲ್ಕ 90 ಯೂರೊ, ಜತೆಗೆ ಕನಿಷ್ಠ 30,000 ಯೂರೊ ಮೊತ್ತದ ವೈದ್ಯಕೀಯ ವಿಮೆ. ಅರ್ಜಿಯನ್ನು ಆರು ತಿಂಗಳಿಗಿಂತ ಮುಂಚೆ ಹಾಕುವಂತಿಲ್ಲ, ಹೊರಡಲು ಹದಿನೈದು ದಿನಕ್ಕಿಂತ ಕಡಿಮೆ ಉಳಿದಿರುವಾಗಲೂ ಆಗದು. ವೀಸಾ ಕೈಗೆ ಬರುವವರೆಗೆ ಹಣ ವಾಪಸಾಗದ ದರದಲ್ಲಿ ಬುಕ್ ಮಾಡಲೇಬೇಡಿ, ಎಷ್ಟೇ ಅಗ್ಗವಿರಲಿ. ಉಚಿತವಾಗಿ ರದ್ದು ಮಾಡಬಹುದಾದ ರೂಮು ಹಿಡಿದು, ವೀಸಾ ಬಂದ ಮೇಲೆ ದರ ಇಳಿದಿದ್ದರೆ ಬದಲಾಯಿಸಿಕೊಳ್ಳಿ. ರದ್ದು ಮಾಡುವ ಗಡುವು ಅಲ್ಲಿನ ಸಮಯದ ಲೆಕ್ಕದಲ್ಲಿರುತ್ತದೆ: ವಿಯೆನ್ನಾ ಬೇಸಿಗೆಯಲ್ಲಿ ನಮಗಿಂತ ಮೂರೂವರೆ ಗಂಟೆ, ಚಳಿಗಾಲದಲ್ಲಿ ನಾಲ್ಕೂವರೆ ಗಂಟೆ ಹಿಂದೆ.

ಎರಡು ಮೂರು ದೇಶ ಸುತ್ತುವವರು ರಾತ್ರಿಗಳನ್ನು ಎಣಿಸಿಕೊಳ್ಳಬೇಕು. ಹೆಚ್ಚು ರಾತ್ರಿ ಎಲ್ಲಿ ಕಳೆಯುತ್ತೀರೋ ಆ ದೇಶಕ್ಕೇ ವೀಸಾ ಅರ್ಜಿ ಹಾಕಬೇಕು. ಸಮನಾಗಿದ್ದರೆ ಮೊದಲು ಕಾಲಿಡುವ ದೇಶಕ್ಕೆ. ಅರ್ಜಿ ಕೊಟ್ಟ ಮೇಲೆ ಹೋಟೆಲ್ ಬದಲಿಸಬಹುದು, ಆದರೆ ಈ ಲೆಕ್ಕ ತಲೆಕೆಳಗಾಗದಂತೆ ನೋಡಿಕೊಳ್ಳಿ. ನಮ್ಮಲ್ಲಿ ಇನಿಷಿಯಲ್ ಇರುವ ಹೆಸರುಗಳೇ ಹೆಚ್ಚು. ಪಾಸ್‌ಪೋರ್ಟಿನಲ್ಲಿ ಇನಿಷಿಯಲ್ ಬಿಡಿಸಿ ಬರೆದಿದ್ದರೆ ಬುಕಿಂಗ್‌ನಲ್ಲೂ ಹಾಗೇ ಬರೆಯಿರಿ. ಒಬ್ಬರ ಹೆಸರಿನಲ್ಲಿ ರೂಮು ಹಿಡಿದು ಬಿಡುವುದು ನಮ್ಮ ರೂಢಿ. ವೀಸಾಕ್ಕೆ ಕೊಡುವ ಬುಕಿಂಗ್ ಪತ್ರದಲ್ಲಿ ಹೆಂಡತಿ, ಮಕ್ಕಳು, ಅಪ್ಪ, ಅಮ್ಮ ಎಲ್ಲರ ಹೆಸರೂ ಇರುವಂತೆ ಹೋಟೆಲಿನವರನ್ನು ಕೇಳಿ. ಕೇಳಿದರೆ ಹಾಕಿಕೊಡುತ್ತಾರೆ.

ಬಾಡಿಗೆಯ ಮೇಲೆ ನಗರದ ವಸತಿ ತೆರಿಗೆ ಇದೆ. ತಲೆಗೆ ಇಷ್ಟು ಎಂಬ ನಿಗದಿ ಮೊತ್ತ ಅದಲ್ಲ, ಬಾಡಿಗೆಯ ಶೇಕಡಾ ಲೆಕ್ಕ. ಬಹುಕಾಲ 3.2 ಇತ್ತು, ಅದನ್ನು ಏರಿಸಲಾಗುತ್ತಿದೆ. ತೋರಿಸಿದ ದರದಲ್ಲಿ ಇದು ಸೇರಿದೆಯೇ ಎಂದು ನೋಡಿ. ತಿಂಡಿಯ ವಿಷಯ: ಸಸ್ಯಾಹಾರಿಗಳಿಗೆ ಅಲ್ಲಿನ ಬಫೆಯಲ್ಲಿ ಬ್ರೆಡ್, ಬೆಣ್ಣೆ, ಜಾಮ್, ಚೀಸ್, ಹಣ್ಣು, ಮೊಸರು ಬಿಟ್ಟು ಹೆಚ್ಚೇನೂ ದಕ್ಕುವುದಿಲ್ಲ. ಅದಕ್ಕೆ ಬೇರೆ ದುಡ್ಡು ಕೇಳುವುದಾದರೆ ಬಿಟ್ಟುಬಿಡಿ, ಪಕ್ಕದ ಬೇಕರಿಯಲ್ಲಿ ಕಾಲು ಭಾಗದ ಖರ್ಚಿನಲ್ಲಿ ಮುಗಿಯುತ್ತದೆ.

ವಿಮಾನ ಇಳಿದ ಮೇಲೆ

ನಿಲ್ದಾಣದಿಂದ ಹೊರಬರುವಾಗ ಹಸಿರು ಬಣ್ಣದ ಕ್ಯಾಟ್ ರೈಲಿನ ಫಲಕಗಳೇ ಕಣ್ಣಿಗೆ ಹೊಡೆಯುತ್ತವೆ. ಅದು ಹದಿನಾರು ನಿಮಿಷದಲ್ಲಿ ವಿಯೆನ್ನಾ ಮಿಟ್ಟೆ ನಿಲ್ದಾಣ ತಲಪಿಸುತ್ತದೆ. ಎಸ್7 ಎಂಬ ಮಾಮೂಲಿ ರೈಲು ಅದೇ ನಿಲ್ದಾಣಕ್ಕೆ ಸುಮಾರು ಇಪ್ಪತ್ತೈದು ನಿಮಿಷದಲ್ಲಿ, ಅರ್ಧಕ್ಕೂ ಕಡಿಮೆ ದುಡ್ಡಿಗೆ ಹೋಗುತ್ತದೆ. ನಾಲ್ಕು ಜನರ ಕುಟುಂಬಕ್ಕೆ ಈ ಒಂದು ಆಯ್ಕೆಯಲ್ಲೇ ಒಂದು ಹೊತ್ತಿನ ಊಟದ ಹಣ ಉಳಿಯುತ್ತದೆ. ಮುಖ್ಯ ರೈಲು ನಿಲ್ದಾಣದ ಹತ್ತಿರ ಇಳಿದುಕೊಂಡವರು ರಾಷ್ಟ್ರೀಯ ರೈಲ್ವೆಯ ರೈಲ್‌ಜೆಟ್ ಹಿಡಿದರೆ ನೇರ ಅಲ್ಲಿಗೇ ಹೋಗುತ್ತದೆ. ನಗರ ಸಾರಿಗೆಯ ಪಾಸ್‌ಗಳು ಮೆಟ್ರೊ, ಟ್ರಾಮ್, ಬಸ್ಸುಗಳಿಗೆಲ್ಲ ನಡೆಯುತ್ತವೆ, ವಿಮಾನ ನಿಲ್ದಾಣ ಮಾತ್ರ ಅದರ ವ್ಯಾಪ್ತಿಯ ಹೊರಗೆ. ಕಾಗದದ ಟಿಕೆಟ್ ಕೊಂಡರೆ ನಿಲ್ದಾಣದ ಬಾಗಿಲಲ್ಲಿರುವ ಪೆಟ್ಟಿಗೆಯಲ್ಲಿ ತುರುಕಿ ಮುದ್ರೆ ಒತ್ತಿಸಿಕೊಳ್ಳಬೇಕು. ಗೇಟು ಇಲ್ಲ, ತಡೆಯುವವರಿಲ್ಲ ಎಂದು ಮೈಮರೆಯಬಾರದು. ಮಾಮೂಲಿ ಉಡುಪಿನಲ್ಲಿ ತಪಾಸಣೆಯವರು ಹತ್ತುತ್ತಾರೆ, ದಂಡ ನೂರು ಯೂರೊ ದಾಟುತ್ತದೆ. ಶುಕ್ರವಾರ, ಶನಿವಾರ ರಾತ್ರಿ ಮೆಟ್ರೊ ಬೆಳಗಿನವರೆಗೂ ಓಡುತ್ತದೆ. ಉಳಿದ ದಿನ ನಡುರಾತ್ರಿ ದಾಟಿದ ಸ್ವಲ್ಪ ಹೊತ್ತಿಗೆ ನಿಂತು, ರಾತ್ರಿ ಬಸ್ಸುಗಳು ಶುರುವಾಗುತ್ತವೆ. ಒಪೆರಾದಲ್ಲಿ ನಿಂತು ನೋಡುವ ಅಗ್ಗದ ಟಿಕೆಟ್ ತೆಗೆದುಕೊಂಡವರು ಧೈರ್ಯವಾಗಿ ಕೊನೆಯವರೆಗೂ ಇದ್ದು ಬರಬಹುದು.

ಎಟಿಎಮ್‌ನಲ್ಲಿ, ಹೋಟೆಲ್ ಕೌಂಟರ್‌ನಲ್ಲಿ ಯಂತ್ರವು 'ರೂಪಾಯಿಯಲ್ಲಿ ಲೆಕ್ಕ ಹಾಕಲೇ' ಎಂದು ಕೇಳಿದರೆ ಬೇಡವೆನ್ನಿ, ಯೂರೊ ಒತ್ತಿ. ರೂಪಾಯಿ ಲೆಕ್ಕದ ವಿನಿಮಯ ದರ ಯಾವಾಗಲೂ ನಮಗೆ ಹೊರೆಯೇ. ಸ್ವಲ್ಪ ನಗದೂ ಕೈಲಿರಲಿ, ಸಣ್ಣ ಪೆನ್ಶನ್, ಸಣ್ಣ ಅಂಗಡಿಗಳಲ್ಲಿ ಅದಕ್ಕೇ ಬೆಲೆ.

ಭಾನುವಾರ ಬಂದಿಳಿಯುವವರು ಒಂದು ವಿಷಯ ನೆನಪಿಡಬೇಕು. ಶನಿವಾರ ಸಂಜೆ ಆರಕ್ಕೆ ಸೂಪರ್‌ಮಾರ್ಕೆಟ್‌ಗಳು ಮುಚ್ಚಿದರೆ ಸೋಮವಾರ ಬೆಳಿಗ್ಗೆಯೇ ತೆರೆಯುವುದು. ಮುಖ್ಯ ರೈಲು ನಿಲ್ದಾಣ, ಪ್ರಾಟರ್‌ಸ್ಟರ್ನ್‌ನಂಥ ಕಡೆ ನಿಲ್ದಾಣದೊಳಗಿನ ಅಂಗಡಿಗಳಷ್ಟೇ ಭಾನುವಾರವೂ ತೆರೆದಿರುತ್ತವೆ. ನೀರಿಗೆ ಮಾತ್ರ ಒಂದು ಕಾಸೂ ಖರ್ಚು ಮಾಡಬೇಡಿ. 1873ರಲ್ಲಿ ಕಟ್ಟಿದ ಕೊಳವೆಮಾರ್ಗದಿಂದ ಆಲ್ಪ್ಸ್ ಬೆಟ್ಟಗಳ ಊಟೆಯ ನೀರು ನೇರವಾಗಿ ಊರಿಗೆ ಬರುತ್ತದೆ. ರೂಮಿನ ನಲ್ಲಿಯಲ್ಲಿ ಬರುವುದೂ ಅದೇ, ಧಾರಾಳವಾಗಿ ಕುಡಿಯಿರಿ. ಊಟಕ್ಕೆ ಕೂತಾಗ ಸೂಪಿನ ಬಗ್ಗೆ ಎಚ್ಚರ. ಪ್ಯಾನ್‌ಕೇಕ್ ಚೂರು ತೇಲುವ ತಿಳಿಸಾರು ಸಸ್ಯಾಹಾರದಂತೆ ಕಂಡರೂ ಅದು ದನದ ಮಾಂಸದ ಸಾರು. ಚೀಸ್ ಹಾಕಿದ ಸ್ಪೆಟ್ಸ್ಲೆ, ಪಾಲಕ್ ಕ್ನೋಡೆಲ್, ಸೇಬಿನ ಸ್ಟ್ರೂಡೆಲ್ ಕೇಳಬಹುದು; ಮೊಟ್ಟೆ ತಿನ್ನದವರು ಇವುಗಳಲ್ಲೂ ವಿಚಾರಿಸಿಯೇ ತಿನ್ನಬೇಕು. ನಾಶ್‌ಮಾರ್ಕ್ಟ್ ಮಾರುಕಟ್ಟೆಯ ಬಳಿ ಭಾರತೀಯ ದಿನಸಿ ಅಂಗಡಿಗಳಿವೆ. ಅಕ್ಕಿ, ಬೇಳೆ ತಂದು ಬೇಯಿಸಿಕೊಳ್ಳುವ ಮನಸ್ಸಿದ್ದರೆ ಅಡುಗೆಮನೆ ಇರುವ ಅಪಾರ್ಟ್‌ಮೆಂಟ್ ಹೋಟೆಲ್ ಆರಿಸಿಕೊಳ್ಳಿ, ನಾಲ್ಕು ಜನರ ಕುಟುಂಬಕ್ಕೆ ಅದು ಎರಡು ರೂಮುಗಳಿಗಿಂತ ಹಗುರವಾಗಿ ಬೀಳುತ್ತದೆ.

ಅಪಾರ್ಟ್‌ಮೆಂಟ್ ಎಂದಾಗ ಒಂದು ಕೋರಿಕೆ. ಆ್ಯಪ್‌ಗಳಲ್ಲಿ ಸಿಗುವ ಖಾಸಗಿ ಫ್ಲ್ಯಾಟ್‌ಗಳಲ್ಲಿ ಕೆಲವು ಊರಿನವರು ವಾಸಕ್ಕೆ ಇರಬೇಕಾದ ಮನೆಗಳು. ಮನೆ ಬಾಡಿಗೆ ಏರುತ್ತಿರುವುದನ್ನು ಕಂಡು ನಗರಾಡಳಿತವು 2024ರ ಜುಲೈನಿಂದ ಕಟ್ಟುನಿಟ್ಟು ಮಾಡಿದೆ: ವಿಶೇಷ ಪರವಾನಗಿಯಿಲ್ಲದೆ ವರ್ಷಕ್ಕೆ 90 ದಿನಕ್ಕಿಂತ ಹೆಚ್ಚು ಪ್ರವಾಸಿಗರಿಗೆ ಕೊಡುವಂತಿಲ್ಲ. ನಗರಸಭೆಯ ಬಾಡಿಗೆ ಮನೆಗಳಲ್ಲಂತೂ ಹೀಗೆ ಕೊಡುವುದೇ ನಿಷಿದ್ಧ. ಪರವಾನಗಿ ಇರುವ ಹೋಟೆಲು, ಪೆನ್ಶನ್, ಹಾಸ್ಟೆಲುಗಳನ್ನೇ ಆರಿಸಿ. ಕೊನೆಯ ಗಳಿಗೆಯಲ್ಲಿ ಬುಕಿಂಗ್ ರದ್ದಾಗುವ ಭಯವೂ ಇರುವುದಿಲ್ಲ. ಪೆನ್ಶನ್ ಇರುವ ಕಟ್ಟಡದಲ್ಲಿ ಅಕ್ಕಪಕ್ಕ ಸಂಸಾರಗಳಿರುತ್ತವೆ, ರಾತ್ರಿ ಹತ್ತರಿಂದ ಬೆಳಗಿನ ಆರರವರೆಗೆ ಸದ್ದು ಮಾಡಬಾರದೆಂಬ ನಿಯಮವಿದೆ. ತಡವಾಗಿ ಬಂದರೆ ಸೂಟ್‌ಕೇಸನ್ನು ಮೆಟ್ಟಿಲ ಮೇಲೆ ಎಳೆಯದೆ ದಯವಿಟ್ಟು ಎತ್ತಿಕೊಂಡು ಹತ್ತಿ.